ಡಬ್ಬಿ ಸಾಲ್ಮನ್ ಕಟ್ಲೆಟ್: ಬಟಾಟೆ ಕಡಿಮೆ, ಮೀನು ಜಾಸ್ತಿ

ಬೆಳಗಾವಿಯಲ್ಲಿ ಮೀನು ತಿನ್ನುವ ಮನೆಯವರಿಗೆ ಜೂನ್, ಜುಲೈ ಬಂತೆಂದರೆ ಬೇಜಾರು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳು ಮೀನು ಹಿಡಿಯಲು ಹೋಗುವಂತಿಲ್ಲ. ಎಷ್ಟೋ ಜಾತಿಯ ಮೀನು ಮೊಟ್ಟೆ ಇಡುವ ಕಾಲ ಅದು, ಸಮುದ್ರವೂ ಒರಟು. ಹಾಗಾಗಿ ಈ ನಿಷೇಧ ಬೇಕೇ ಬೇಕು, ಅದರ ಬಗ್ಗೆ ನನ್ನ ತಕರಾರು ಇಲ್ಲ. ಆದರೆ ನಮ್ಮೂರಿಗೆ ಸಮುದ್ರದ ಮೀನು ಬರುವುದೇ ಗೋವಾ, ಕಾರವಾರ, ಮಾಲವಣ ಕಡೆಯಿಂದ. ಘಾಟಿನ ಆಚೆ ದೋಣಿ ನಿಂತರೆ ಇಲ್ಲಿ ಕ್ಯಾಂಪಿನ ಮೀನು ಮಾರ್ಕೆಟ್ಟಿನಲ್ಲಿ ಬಂಗಡೆ ರೇಟು ಏರುತ್ತದೆ, ಸುರ್ಮಯಿ ರೇಟಂತೂ ಕೇಳುವುದೇ ಬೇಡ. ಸಿಗುವುದು ಐಸಿನಲ್ಲಿ ಬಹಳ ದಿನ ಇದ್ದ ಮೀನು, ಇಲ್ಲವೇ ಡ್ಯಾಮು ಕೆರೆಗಳ ಕಟ್ಲಾ, ರೋಹು. ಹೊಳೆ ಮೀನು ರುಚಿಯಲ್ಲಿ ಏನೂ ಕಡಿಮೆಯಿಲ್ಲ, ಆದರೆ ಅದರ ಮಾಂಸದ ಒಳಗೆಲ್ಲ ಕವಲು ಕವಲಾದ ಸಣ್ಣ ಮುಳ್ಳು. ವಯಸ್ಸಾದವರಿಗೂ ಮಕ್ಕಳಿಗೂ ಕೊಡಲು ಜೀವ ಹೆದರುತ್ತದೆ.

ನಮ್ಮ ಅತ್ತೆ ಹುಟ್ಟಿ ಬೆಳೆದದ್ದು ಕಾರವಾರದಲ್ಲಿ. ಮದುವೆಯಾಗಿ ಇಲ್ಲಿಗೆ ಬಂದು ಇಷ್ಟು ವರ್ಷ ಆದರೂ ವಾರಕ್ಕೆ ಒಮ್ಮೆಯಾದರೂ ಮೀನು ಬೇಕು ಅವರಿಗೆ. ಈಗ ಹಲ್ಲಿನ ಸೆಟ್ಟು ಹಾಕಿಸಿಕೊಂಡಿದ್ದಾರೆ, ಕಣ್ಣು ಮಂದ. ತಟ್ಟೆ ಮುಂದೆ ಕೂತು ಮುಳ್ಳು ಆರಿಸುವುದು ಆಗುವುದಿಲ್ಲ. ಬಂಗಡೆ ಆದರೆ ನಡುವಿನ ಮುಳ್ಳು ಎಳೆದು ತೆಗೆದು ಕೊಡಬಹುದು, ರೋಹು ಆದರೆ ಎಷ್ಟು ಆರಿಸಿದರೂ ಒಂದು ಉಳಿದೇ ಉಳಿಯುತ್ತದೆ. ಅದಕ್ಕೇ ಮಳೆಗಾಲಕ್ಕೆ ಅಂತ ನಾನು ಡಬ್ಬಿ ಸಾಲ್ಮನ್ ಎತ್ತಿಟ್ಟಿರುತ್ತೇನೆ. ಮೈದುನ ಕೆನಡಾದಲ್ಲಿದ್ದಾನೆ. ಊರಿಗೆ ಬರುವಾಗ ಚಾಕಲೇಟು ಬೇಡ, ಆ ಮೀನಿನ ಡಬ್ಬಿ ತಾ ಅಂತ ಅತ್ತೆಯೇ ಫೋನಿನಲ್ಲಿ ಹೇಳುತ್ತಾರೆ. ತರುವವರು ಇಲ್ಲದವರು ಆನ್‌ಲೈನಿನಲ್ಲಿ ಹುಡುಕಿದರೆ ಸಿಗುತ್ತದೆ, ದೊಡ್ಡ ಅಂಗಡಿಗಳಲ್ಲೂ ಒಮ್ಮೊಮ್ಮೆ ಕಾಣುತ್ತದೆ. ಅಗ್ಗ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅಗ್ಗ ಅಲ್ಲದ ಕಾರಣಕ್ಕೇ ಇದನ್ನು ಬರೆಯಲು ಕೂತೆ. ಅಷ್ಟು ದುಡ್ಡು ಕೊಟ್ಟು ತಂದ ಮೀನನ್ನು ಎರಡು ಪಾಲು ಬಟಾಟೆಯಲ್ಲಿ ಹೂತು, ಮೇಲೆ ಗರಂ ಮಸಾಲೆ ಸುರಿದು, ಎಣ್ಣೆಯಲ್ಲಿ ಮುಳುಗಿಸಿ ತೆಗೆದರೆ ತಿನ್ನುವವರಿಗೆ ಸಿಗುವುದು ಬಟಾಟೆ ಕಟ್ಲೆಟ್ಟೇ. ಮೀನಿನ ಕಟ್ಲೆಟ್ ಅಂತ ಕರೆದ ಮೇಲೆ ಬಾಯಿಗೆ ಮೊದಲು ಮೀನು ಸಿಗಬೇಕು, ಅಲ್ವಾ? ಮುರಿದರೆ ಎಸಳು ಎಸಳಾಗಿ ಬಿಡಬೇಕು. ಅದಕ್ಕೆ ದೊಡ್ಡ ಕೈಚಳಕ ಏನೂ ಬೇಡ. ನೀರು ಹಿಂಡಬೇಕು, ಬಟಾಟೆ ಕೈಬಿಗಿ ಹಿಡಿದು ಹಾಕಬೇಕು, ಹಂಚಿನ ಮೇಲೆ ಸುಮ್ನೆ ಬಿಡಬೇಕು.

ಮೊದಲು ಡಬ್ಬಿಯ ವಿಷಯ. ಪಕ್ಕದ ಮನೆಯವರು ಒಮ್ಮೆ ನಮ್ಮ ಅಡುಗೆಮನೆಗೆ ಬಂದವರು ಇದನ್ನು ನೋಡಿ, "ಅಕ್ಕಾರ, ಡಬ್ಬಿ ಒಳಗಿನ ಮೀನ ಅಂದ್ರ ಎಷ್ಟ ವರ್ಷದ್ದೋ ಏನೋ, ಇದನ್ನ ತಿಂತೀರೇನ್ರಿ?" ಅಂದರು. ಸಹಜವಾದ ಅನುಮಾನವೇ. ನಾವು ಮೀನು ಅಂದರೆ ಕಿವಿರು ಎತ್ತಿ ಕೆಂಪಗಿದೆಯಾ ನೋಡಿ, ಹೊಟ್ಟೆ ಒತ್ತಿ ನೋಡಿ ತರುವ ಜನ. ಆದರೆ ಈ ಡಬ್ಬಿ ತಯಾರಾಗುವ ರೀತಿ ಗೊತ್ತಾದರೆ ಹೆದರಿಕೆ ಹೋಗುತ್ತದೆ. ಸಾಂಪ್ರದಾಯಿಕ ಸಾಲ್ಮನ್ ಡಬ್ಬಿಯಲ್ಲಿ ಹಸಿ ಮೀನಿನ ತುಂಡುಗಳನ್ನೇ ಹಾಕುತ್ತಾರೆ, ಸ್ವಲ್ಪ ಉಪ್ಪು ಸೇರಿಸುತ್ತಾರೆ, ಅಷ್ಟೇ. ನೀರು, ಎಣ್ಣೆ ಏನೂ ಇಲ್ಲ. ಮುಚ್ಚಳ ಸೀಲ್ ಮಾಡಿದ ಮೇಲೆ ಡಬ್ಬಿ ಸಮೇತ ಒತ್ತಡದ ಹಬೆಯಲ್ಲಿ, ನೀರು ಕುದಿಯುವ 100 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ, ಬಹಳ ಹೊತ್ತು ಬೇಯಿಸುತ್ತಾರೆ. ನಮ್ಮ ಕುಕ್ಕರಿನ ಕೆಲಸವೇ, ದೊಡ್ಡ ಪ್ರಮಾಣದಲ್ಲಿ. ಒಳಗೆ ಕ್ರಿಮಿ ಉಳಿಯುವುದಿಲ್ಲ, ಹೊರಗಿನಿಂದ ಹೋಗಲು ದಾರಿ ಇಲ್ಲ. ಅದಕ್ಕೇ ಫ್ರಿಜ್ಜಿಲ್ಲದೆ ವರ್ಷಗಟ್ಟಲೆ ಇರುತ್ತದೆ. ಡಬ್ಬಿ ತೆಗೆದಾಗ ಕಾಣುವ ನೀರು ಆ ಮೀನಿನ ಸ್ವಂತ ರಸ.

ಹಾಗಂತ ಕಣ್ಣು ಮುಚ್ಚಿ ತೆಗೆಯಬೇಡಿ. ಡಬ್ಬಿ ಉಬ್ಬಿದ್ದರೆ, ಎಲ್ಲಾದರೂ ಸೋರಿದ್ದರೆ, ಅಂಚಿನ ಸೀಲಿನ ಹತ್ತಿರ ಆಳವಾಗಿ ನೆಗ್ಗಿದ್ದರೆ, ತೆಗೆದಾಗ ಪಿಚಕಾರಿ ಹಾಗೆ ಚಿಮ್ಮಿದರೆ, ರುಚಿ ಕೂಡ ನೋಡದೆ ಎಸೆಯಿರಿ. ಬೊಟುಲಿಸಂ ಅನ್ನುವ ಕಾಯಿಲೆ ತರುವ ವಿಷ ಬಣ್ಣ, ವಾಸನೆ ಏನೂ ತೋರಿಸದೆಯೂ ಇರಬಹುದು. ದುಡ್ಡು ಹೋಯಿತು ಅಂತ ಮರುಗುವ ಜಾಗ ಇದಲ್ಲ.

ಲೇಬಲ್ ಮೇಲೆ ಪಿಂಕ್ ಅಂತ ಇರುತ್ತದೆ, ಇಲ್ಲವೇ ಸಾಕ್‌ಐ ಅಂತ. ಪಿಂಕ್ ಸಾಲ್ಮನ್ ಪೆಸಿಫಿಕ್ ಸಾಗರದ ಸಾಲ್ಮನ್‌ಗಳಲ್ಲಿ ಗಾತ್ರದಲ್ಲಿ ಚಿಕ್ಕದು. ನದಿಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆ ಇಡಲು ಮತ್ತೆ ನದಿಗೆ ಬಂದು ಸಾಯುವುದೆಲ್ಲ 2 ವರ್ಷದಲ್ಲಿ ಮುಗಿಯುತ್ತದೆ. ಮಾಂಸ ತಿಳಿ ಗುಲಾಬಿ, ರುಚಿ ಮೃದು. ಸಾಕ್‌ಐ ಕಡು ಕೆಂಪು. ಅದು ಸಮುದ್ರದಲ್ಲಿ ಸಣ್ಣ ಸಣ್ಣ ಸಿಗಡಿಯಂಥ ಜೀವಿಗಳನ್ನು ತಿಂದು ಬೆಳೆಯುತ್ತದೆ, ಆ ಆಹಾರದಲ್ಲಿರುವ ಆಸ್ಟಾಜ಼ಾಂಥಿನ್ ಅನ್ನುವ ಬಣ್ಣ ಮಾಂಸಕ್ಕೆ ಇಳಿಯುತ್ತದೆ. ರುಚಿಯೂ ಗಟ್ಟಿ, ಬೆಲೆಯೂ ಜಾಸ್ತಿ. ಕಟ್ಲೆಟ್ಟಿಗೆ ಪಿಂಕ್ ಸಾಕು. ಸಾಕ್‌ಐ ಸಿಕ್ಕರೆ ಹಾಗೇ ನಿಂಬೆರಸ, ಉಳ್ಳಾಗಡ್ಡಿ ಹಾಕಿ ತಿನ್ನಿ, ಹುರಿದು ಹಾಳು ಮಾಡಬೇಡಿ. ಇನ್ನೊಂದು ವಿಷಯ, ಲೇಬಲ್ ಮೇಲೆ ಅಲಾಸ್ಕಾ ಅಂತ ಇದ್ದರೆ ಅದು ಸಾಕಿದ ಮೀನಲ್ಲ. ಅಲ್ಲಿ 1990ರಿಂದ ಇಂಥ ಮೀನು ಸಾಕಣೆಗೆ ಕಾನೂನಿನ ನಿಷೇಧ ಇದೆ. ಮತ್ತೆ, ನಮ್ಮ ಕಡೆ ಇಂಡಿಯನ್ ಸಾಲ್ಮನ್ ಅಂತ ಮಾರುವ ರಾವಸ್ ಬೇರೆಯೇ ಜಾತಿಯ ಮೀನು. ಅದೂ ಬಹಳ ರುಚಿ, ಅದರ ಮಾತು ಕೊನೆಗೆ ಬರುತ್ತದೆ.

ಈಗ ಡಬ್ಬಿ ತೆಗೆಯೋಣ. ದೊಡ್ಡದು 418 ಗ್ರಾಂ ಇರುತ್ತದೆ, ಚಿಕ್ಕದು 213 ಗ್ರಾಂ. ನನ್ನ ಅಳತೆ ದೊಡ್ಡದಕ್ಕೆ. ಎಳೆಯುವ ರಿಂಗ್ ಇದ್ದರೆ ಸರಿ, ಇಲ್ಲದಿದ್ದರೆ ಓಪನರ್ ಬೇಕು. ಚಾಕು, ಇಳಿಗೆ ತಂದು ಒದ್ದಾಡಬೇಡಿ, ಆ ಮುಚ್ಚಳದ ಅಂಚು ಬ್ಲೇಡಿನಷ್ಟು ಚೂಪು.

ಮೊದಲ ಸಲ ನೋಡುವವರಿಗೆ ಒಳಗಿನದು ಅಷ್ಟು ಚೆಂದ ಕಾಣುವುದಿಲ್ಲ. ಬೆಳ್ಳಿ ಬಣ್ಣದ ಚರ್ಮ ಅಂಟಿಕೊಂಡಿರುತ್ತದೆ. ಚರ್ಮದ ಕೆಳಗೆ ಕಂದು ಬಣ್ಣದ ಮೆತ್ತನೆಯ ಪದರ. ಮೇಲೆ ಅಲ್ಲಲ್ಲಿ ಮೊಸರಿನ ಗಡ್ಡೆಯಂತೆ ಬಿಳಿ ಚೂರು, ಅದು ಬೆಂದಾಗ ಹೊರಗೆ ಬಂದ ಮೀನಿನ ಪ್ರೋಟೀನು. ಒಮ್ಮೊಮ್ಮೆ ಗಾಜಿನ ಚೂರಿನಂಥ ಹರಳು ಸಿಗುತ್ತದೆ. ಗಾಬರಿ ಬೇಡ, ಆದರೆ ನಿಜವಾಗಿ ಗಾಜೋ ಹರಳೋ ನೋಡಿಕೊಳ್ಳಿ. ಬಿಸಿ ಮಾಡಿದ ವಿನೆಗರ್ ಅಥವಾ ನಿಂಬೆರಸದಲ್ಲಿ ಹಾಕಿಟ್ಟರೆ ಆ ಹರಳು ಸ್ವಲ್ಪ ಹೊತ್ತಿಗೆ ಕರಗುತ್ತದೆ, ಗಾಜು ಕರಗುವುದಿಲ್ಲ. ಸ್ಟ್ರೂವೈಟ್ ಅನ್ನುತ್ತಾರೆ, ಮೀನಿನಲ್ಲೇ ಇರುವ ಖನಿಜಗಳು ಕೂಡಿ ಆಗುವುದು, ತೊಂದರೆ ಇಲ್ಲ.

ನಡುವೆ ಬೆನ್ನುಮೂಳೆಯ ಗುಂಡು ಗುಂಡು ತುಂಡುಗಳು ಸಾಲಾಗಿ ಕೂತಿರುತ್ತವೆ. ಒಂದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿ ನೋಡಿ. ಪುಡಿಯಾಗುತ್ತದೆ. ಅಷ್ಟು ಹೊತ್ತು ಒತ್ತಡದಲ್ಲಿ ಬೆಂದು ಮೂಳೆಯ ಗಟ್ಟಿತನವೆಲ್ಲ ಹೋಗಿ ಸುಣ್ಣದ ಅಂಶ ಮಾತ್ರ ಉಳಿದಿರುತ್ತದೆ. ಹೆಚ್ಚಿನವರು ಇದನ್ನು ಆರಿಸಿ ಎಸೆಯುತ್ತಾರೆ. ದಯವಿಟ್ಟು ಎಸೆಯಬೇಡಿ. ಮೂಳೆ ಸಮೇತ ತಿಂದರೆ 100 ಗ್ರಾಂ ಡಬ್ಬಿ ಸಾಲ್ಮನ್ನಿನಲ್ಲಿ 200 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಸಿಗುತ್ತದೆ, ಅಷ್ಟೇ ತೂಕದ ಹಾಲಿನಲ್ಲಿ ಸುಮಾರು 120. ಮೂಳೆ ತೆಗೆದರೆ ಅದರಲ್ಲಿ ಬಹುಪಾಲು ಹೋಯಿತು. ಡಾಕ್ಟರು ಅತ್ತೆಗೆ ಕ್ಯಾಲ್ಸಿಯಂ ಗುಳಿಗೆ ಬರೆದಿದ್ದಾರೆ, ಅದು ನುಂಗಲು ಅವರಿಗೆ ದೊಡ್ಡ ಸಂಕಟ. ಇದನ್ನು ಮಾತ್ರ ಕೇಳಿ ಹಾಕಿಸಿಕೊಳ್ಳುತ್ತಾರೆ. ಪ್ರತಿ ಸಲ "ಇದರಾಗ ಮುಳ್ಳ ಇಲ್ಲ ಹೌದಲ್ಲ?" ಅಂತ ಕೇಳುತ್ತಾರೆ, ಪ್ರತಿ ಸಲ ನಾನು "ಇಲ್ಲ ಅತ್ತಿ, ತಿನ್ರಿ" ಅನ್ನುತ್ತೇನೆ. ಪುಡಿ ಮಾಡಿ ಹಾಕಿರುತ್ತೇನೆ, ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಚರ್ಮ ಮಾತ್ರ ನಾನು ದೊಡ್ಡ ತುಂಡುಗಳನ್ನು ತೆಗೆಯುತ್ತೇನೆ, ಕಟ್ಲೆಟ್ಟಿನ ಒಳಗೆ ಅದು ಲೋಳೆ ಲೋಳೆಯಾಗಿ ಸಿಗುತ್ತದೆ. ಆ ಕಂದು ಪದರ ಇರಲಿ, ಕೊಬ್ಬಿನ ರುಚಿ ಅಲ್ಲೇ ಇದೆ.

ಈಗ ನೀರು. ಇಲ್ಲೇ ಅರ್ಧ ಕೆಲಸ. ಮೀನನ್ನು ಜಾಲರಿಗೆ ಸುರಿದು ಸುಮ್ನೆ ಬಸಿದರೆ ಸಾಲದು. ಬಸಿದ ಮೇಲೆ ತೆಳು ಹತ್ತಿ ಬಟ್ಟೆಯಲ್ಲಿ ಕಟ್ಟಿ, ಪನೀರ್ ಹಿಂಡುವ ಹಾಗೆ ಮೆಲ್ಲಗೆ ತಿರುಚಿ ಹಿಂಡಬೇಕು. ಜೋರಾಗಿ ಹಿಂಡಿದರೆ ಎಸಳು ಒಡೆದು ಹಿಟ್ಟಾಗುತ್ತದೆ, ಹಾಗಾಗಿ ಹದವಾಗಿ. ಬಟ್ಟೆ ಬಿಚ್ಚಿದಾಗ ಕೈಗೆ ತೇವ ಹತ್ತಬೇಕು, ಆದರೆ ಬೆರಳ ಸಂದಿಯಿಂದ ನೀರು ಇಳಿಯಬಾರದು. ಹೀಗೆ ಮಾಡಿದ ಮೇಲೆ ಸುಮಾರು 300 ಗ್ರಾಂ ಮೀನು ಉಳಿಯುತ್ತದೆ. ನೀರು ಉಳಿದರೆ ಆಗುವುದು ಇಷ್ಟು: ಮಿಶ್ರಣ ಸಡಿಲ, ಅದನ್ನು ಗಟ್ಟಿ ಮಾಡಲು ಇನ್ನಷ್ಟು ಬಟಾಟೆ, ಇನ್ನಷ್ಟು ಬ್ರೆಡ್ಡು, ಕೊನೆಗೆ ಮೀನೇ ಮಾಯ. ಮತ್ತೆ ಹಂಚಿನ ಮೇಲೆ ಆ ನೀರು ಹಬೆಯಾಗಿ ಹೋಗುವವರೆಗೂ ಮೇಲ್ಪದರ ಕೆಂಪಾಗುವುದಿಲ್ಲ, ಬರೀ ಬೇಯುತ್ತದೆ.

ಹಿಂಡಿದ ನೀರು ಚೆಲ್ಲಬೇಡಿ. ಉಪ್ಪುಪ್ಪಾಗಿ ಒಳ್ಳೆ ರುಚಿ ಇರುತ್ತದೆ. ಅದೇ ದಿನ ಟೊಮೆಟೊ ಸಾರಿಗೆ ಹಾಕಿ, ಎರಡು ಎಸಳು ಬಳ್ಳೊಳ್ಳಿ ಜಜ್ಜಿ ಒಗ್ಗರಣೆ ಕೊಡಿ. ಬೇರೆ ಉಪ್ಪು ನೋಡಿಕೊಂಡು ಹಾಕಿ.

ಮೀನು ಯಾಕೆ ತಾನಾಗಿ ಅಂಟುವುದಿಲ್ಲ ಅನ್ನುವುದು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ಹಸಿ ಸುರ್ಮಯಿಯನ್ನು ಉಪ್ಪು ಹಾಕಿ ಚೆನ್ನಾಗಿ ಕುಟ್ಟಿ ನೋಡಿ, ಅಂಟು ಅಂಟಾಗಿ ಉಂಡೆ ಕಟ್ಟಲು ಬರುತ್ತದೆ. ಹಸಿ ಮಾಂಸದ ಪ್ರೋಟೀನು ಉಪ್ಪಿಗೆ ಬಿಟ್ಟುಕೊಂಡು ಅಂಟಾಗುತ್ತದೆ, ಬಿಸಿ ತಾಗಿದಾಗ ಗಟ್ಟಿಯಾಗಿ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಡಬ್ಬಿ ಮೀನಿನಲ್ಲಿ ಆ ಕೆಲಸ ಆಗಲೇ ಮುಗಿದಿದೆ. ಪ್ರೋಟೀನು ಬೆಂದು ಗಟ್ಟಿಯಾಗಿಬಿಟ್ಟಿದೆ, ಇನ್ನೊಮ್ಮೆ ಅಂಟುವುದಿಲ್ಲ. ಹಾಗಾಗಿ ಹಿಡಿದಿಡಲು ಹೊರಗಿನದು ಏನಾದರೂ ಬೇಕು. ಒಂದು ಮೊಟ್ಟೆ, ಸ್ವಲ್ಪ ಪಿಷ್ಟ. ಇಷ್ಟು ಸಾಕು. ಮೊಟ್ಟೆ ಬಿಸಿಗೆ ಗಟ್ಟಿಯಾಗಿ ಎಸಳುಗಳನ್ನು ಕಟ್ಟಿ ಹಿಡಿಯುತ್ತದೆ, ಬಟಾಟೆ ಮತ್ತು ಬ್ರೆಡ್ಡು ಉಳಿದ ತೇವ ಹೀರಿಕೊಳ್ಳುತ್ತವೆ.

ಹಾಗಾಗಿ ಒಂದು ದೊಡ್ಡ ಡಬ್ಬಿಗೆ ನಾನು ಹಾಕುವುದು ಒಂದೇ ಮಧ್ಯಮ ಬಟಾಟೆ, ಹೆಚ್ಚೆಂದರೆ 100 ಗ್ರಾಂ. ಸಿಪ್ಪೆ ಸಮೇತ ಬೇಯಿಸಿ, ಪೂರ್ತಿ ಆರಿದ ಮೇಲೆ ತುರಿಯಿರಿ. ಬಿಸಿಯಿದ್ದಾಗ ಹಿಸುಕಿದರೆ ಜಿಗಟು ಬರುತ್ತದೆ. ಬ್ರೆಡ್ಡಿನ ಪುಡಿಗೆ ಹಿಂದಿನ ದಿನದ ಪಾವ್ ಆಗುತ್ತದೆ, ಟೋಸ್ಟ್ ಪುಡಿ ಮಾಡಿದರೂ ಆಗುತ್ತದೆ, ಆದರೆ ಸಿಹಿ ಟೋಸ್ಟ್ ಬೇಡ. ಮೂರು ಚಮಚ ಸಾಕು. ಬ್ರೆಡ್ಡು ಇಲ್ಲದ ದಿನ ಪುಟಾಣಿ ಹಿಟ್ಟು ಎರಡು ಚಮಚ ಹಾಕುತ್ತೇನೆ, ಅದು ಇನ್ನೂ ಚೆನ್ನಾಗಿ ತೇವ ಹೀರುತ್ತದೆ, ಹುರಿಗಡಲೆಯ ಘಮವೂ ಬರುತ್ತದೆ.

ಮಸಾಲೆಯಲ್ಲಿ ಕೈ ಬಿಗಿ ಇರಲಿ. ಉಳ್ಳಾಗಡ್ಡಿ ಚಿಕ್ಕದು ಒಂದು, ಎಷ್ಟು ಸಣ್ಣ ಹೆಚ್ಚಲು ಆಗುತ್ತದೋ ಅಷ್ಟು ಸಣ್ಣ. ಹೆಚ್ಚಿದ ಉಳ್ಳಾಗಡ್ಡಿಯನ್ನು ಅರ್ಧ ಚಮಚ ಎಣ್ಣೆಯಲ್ಲಿ ಬಾಡಿಸಿ ಆರಿಸಿ ಹಾಕುತ್ತೇನೆ. ಹಸಿಯದು ಹಾಕಿದರೆ ಒಳಗೆ ನೀರು ಬಿಡುತ್ತದೆ, ಕಟ್ಲೆಟ್ಟು ಅಲ್ಲೇ ಸೀಳುತ್ತದೆ. ಅದೇ ಎಣ್ಣೆಯಲ್ಲಿ ಜಜ್ಜಿದ ಬಳ್ಳೊಳ್ಳಿ ನಾಲ್ಕು ಎಸಳು, ಹಸಿಶುಂಠಿ ಸ್ವಲ್ಪ, ಹಸಿಮೆಣಸಿನಕಾಯಿ ಎರಡು. ಆಮೇಲೆ ಒಂದು ಹಿಡಿ ಕೊತ್ತಂಬರಿ. ಮನೆಯ ಮಸಾಲಿ ಖಾರ ಅರ್ಧ ಚಮಚ. ನಮ್ಮಲ್ಲಿ ಬೇಸಿಗೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಒಣಗಿಸಿ, ಒಣಕೊಬ್ಬರಿ, ಬಳ್ಳೊಳ್ಳಿ, ಕೊತ್ತಂಬರಿ ಬೀಜ, ಲವಂಗ ದಾಲ್ಚಿನ್ನಿ ಎಲ್ಲ ಹುರಿದು ಕುಟ್ಟಿಸಿ ವರ್ಷಕ್ಕೆ ಆಗುವಷ್ಟು ಇಡುತ್ತೇವಲ್ಲ, ಅದೇ. ಅದರಲ್ಲಿ ಎಲ್ಲವೂ ಇದೆ, ಮೇಲೆ ಗರಂ ಮಸಾಲೆ ಬೇಡವೇ ಬೇಡ. ಅರಿಶಿಣ ಚಿಟಿಕೆ. ಉಪ್ಪು ಕೊನೆಗೆ. ಡಬ್ಬಿ ಮೀನಿನಲ್ಲಿ ಉಪ್ಪು ಮೊದಲೇ ಇರುತ್ತದೆ, ಚೂರು ಬಾಯಿಗೆ ಹಾಕಿಕೊಂಡು ನೋಡಿ, ಆಮೇಲೆ ನಿರ್ಧಾರ ಮಾಡಿ. ಮೊಟ್ಟೆ ಹಾಕುವ ಮೊದಲೇ ರುಚಿ ನೋಡಿಕೊಳ್ಳಿ. ನಿಂಬೆರಸ ಒಳಗೆ ಹಾಕಬೇಡಿ, ತಿನ್ನುವಾಗ ಮೇಲೆ ಹಿಂಡಿಕೊಂಡರೆ ಆಯಿತು.

ಕಲೆಸುವುದು ಹೀಗೆ. ಮೊದಲು ಮೂಳೆಗಳನ್ನೆಲ್ಲ ಒಂದು ಬಟ್ಟಲಿನಲ್ಲಿ ಬೆರಳಿನಿಂದ ಪುಡಿ ಮಾಡಿ. ಅದಕ್ಕೆ ಬಟಾಟೆ, ಬಾಡಿಸಿದ ಉಳ್ಳಾಗಡ್ಡಿ, ಮಸಾಲೆ, ಬ್ರೆಡ್ಡಿನ ಪುಡಿ ಹಾಕಿ ಚೆನ್ನಾಗಿ ಕಲೆಸಿ, ಉಪ್ಪು ನೋಡಿಕೊಂಡು ಮೊಟ್ಟೆ ಒಡೆದು ಹಾಕಿ. ಮೀನು ಕೊನೆಗೆ. ಮೀನು ಬಿದ್ದ ಮೇಲೆ ಕೈ ಹಗುರ ಇರಲಿ, ಅವಲಕ್ಕಿಗೆ ಒಗ್ಗರಣೆ ಬೆರೆಸುವಾಗ ಮಾಡುತ್ತೇವಲ್ಲ ಹಾಗೆ ಕೆಳಗಿನಿಂದ ಮೇಲಕ್ಕೆ ಎತ್ತಿ ಎತ್ತಿ ಬೆರೆಸಿ. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ. ಮಧ್ಯೆ ಮಧ್ಯೆ ಗುಲಾಬಿ ಎಸಳು ಕಣ್ಣಿಗೆ ಕಾಣುತ್ತಿರಬೇಕು. ಮಿಕ್ಸರಿಗೆ ಹಾಕುವವರೂ ಇದ್ದಾರೆ, ನನಗೆ ಅದು ಸುತರಾಂ ಒಪ್ಪಿಗೆ ಇಲ್ಲ.

ಅಂಗೈಗೆ ಎಣ್ಣೆ ಸವರಿಕೊಂಡು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಉಂಡೆ ಮಾಡಿ ಬೆರಳಷ್ಟು ದಪ್ಪಕ್ಕೆ ತಟ್ಟಿ. ಎಂಟು ಬರುತ್ತವೆ. ಅಂಚು ಒಡೆದಿದ್ದರೆ ಬೆರಳಿನಿಂದ ಒತ್ತಿ ನಯ ಮಾಡಿ, ಒಡೆದ ಅಂಚಿನಿಂದಲೇ ಆಮೇಲೆ ಬಿರಿಯುವುದು. ತಟ್ಟೆಯಲ್ಲಿ ಜೋಡಿಸಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಗಡಿಬಿಡಿಯಲ್ಲಿ ಈ ಅರ್ಧ ಗಂಟೆ ಬಿಡುವವರೇ ಜಾಸ್ತಿ, ಆದರೆ ಈ ಹೊತ್ತಿನಲ್ಲಿ ಬ್ರೆಡ್ಡು ತೇವ ಹೀರಿ ಉಬ್ಬಿಕೊಳ್ಳುತ್ತದೆ, ತಣ್ಣಗಾಗಿ ಎಲ್ಲವೂ ಬಿಗಿಯಾಗುತ್ತದೆ. ಬಟಾಟೆ ಕಡಿಮೆ ಹಾಕಿದ ಮೇಲೆ ಇದು ಬೇಕೇ ಬೇಕು.

ಮೇಲಿನ ಲೇಪಕ್ಕೆ ನಾನು ಚಿರೋಟಿ ರವೆ ಎರಡು ಪಾಲು, ಜೋಳದ ಹಿಟ್ಟು ಒಂದು ಪಾಲು ಬೆರೆಸುತ್ತೇನೆ. ಬರೀ ರವೆ ಹಚ್ಚಿ ಹುರಿಯುವುದು ಕಾರವಾರ, ಗೋವಾ ಕಡೆಯ ರೀತಿ, ಅತ್ತೆಯಿಂದ ಬಂದದ್ದು. ಜೋಳದ ಹಿಟ್ಟು ನನ್ನ ತವರಿನ ಕಡೆಯದು, ನಾನು ವಿಜಯಪುರದವಳು. ರವೆ ಕರುಕುರು ಕೊಡುತ್ತದೆ, ಜೋಳದ ಹಿಟ್ಟು ರವೆಯ ಸಂದಿಗೆ ಕೂತು ಪದರ ಬಿಡದ ಹಾಗೆ ನೋಡಿಕೊಳ್ಳುತ್ತದೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇದೇ ಕಟ್ಲೆಟ್ಟಿಗೆ ಮೆಕ್ಕೆಜೋಳದ ಹಿಟ್ಟು ಹಾಕುತ್ತಾರೆ. ಅಮೆರಿಕದಲ್ಲಿ ಸಾಲ್ಮನ್ ಡಬ್ಬಿ ಮಾಡುವುದು ಶುರುವಾದದ್ದು 1864ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿ ದಂಡೆಯಲ್ಲಿ. 1930ರ ದಶಕದಲ್ಲಿ ಜನರ ಕೈಯಲ್ಲಿ ದುಡ್ಡಿಲ್ಲದ ಕಾಲದಲ್ಲಿ ಮಾಂಸಕ್ಕಿಂತ ಇದು ಅಗ್ಗ ಅಂತ ಮನೆಮನೆಯಲ್ಲೂ ಮಾಡಲು ಹಿಡಿದರು. ಅಲ್ಲಿಯ ಬಡವರ ಅಡುಗೆ ಇಲ್ಲಿಗೆ ಬರುವಷ್ಟರಲ್ಲಿ ದುಬಾರಿಯಾಯಿತು, ಆದರೆ ಕೈಗೆ ಸಿಕ್ಕ ಹಿಟ್ಟು ಹಾಕಿ ಮಾಡುವ ಅಡುಗೆ ಅನ್ನುವುದು ಹಾಗೇ ಉಳಿದಿದೆ. ನಮ್ಮ ಡಬ್ಬದಲ್ಲಿ ಯಾವಾಗಲೂ ಇರುವುದು ಜೋಳದ ಹಿಟ್ಟು, ಅದನ್ನೇ ಹಾಕಿದರಾಯಿತು.

ಹುರಿಯಲು ಕಬ್ಬಿಣದ ಹಂಚೇ ಒಳ್ಳೆಯದು. ದಪ್ಪ ಇರಬೇಕು, ಬಿಸಿ ಹಿಡಿದುಕೊಳ್ಳಬೇಕು. ಶೇಂಗಾ ಎಣ್ಣೆ ಮೂರು ನಾಲ್ಕು ಚಮಚ, ಹಂಚಿನ ತಳ ಪೂರ್ತಿ ಮುಚ್ಚುವಷ್ಟು. ಮುಳುಗಿಸಿ ಕರಿಯುವುದು ಬೇಡ, ಮೀನು ಮೊದಲೇ ಬೆಂದಿದೆ, ನಮಗೆ ಬೇಕಾದದ್ದು ಮೇಲೆ ಕೆಂಪು ಪದರ, ಒಳಗೆ ಮೊಟ್ಟೆ ಗಟ್ಟಿಯಾಗುವಷ್ಟು ಬಿಸಿ. ಎಣ್ಣೆ ಕಾದಿದೆಯಾ ನೋಡಲು ನಾಲ್ಕು ಕಾಳು ರವೆ ಉದುರಿಸಿ. ಚುರ್ ಅಂದು ಸುತ್ತ ಗುಳ್ಳೆ ಎದ್ದರೆ ಸರಿ. ತಕ್ಷಣ ಕಪ್ಪಾದರೆ ಉರಿ ಇಳಿಸಿ. ಮಧ್ಯಮ ಉರಿಯಲ್ಲಿ ಒಂದಕ್ಕೊಂದು ತಾಗದ ಹಾಗೆ ನಾಲ್ಕು ನಾಲ್ಕೇ ಇಡಿ. ಒಟ್ಟಿಗೆ ಎಂಟು ತುಂಬಿದರೆ ಹಂಚು ತಣ್ಣಗಾಗಿ ಎಣ್ಣೆ ಒಳಗೆ ಹೋಗುತ್ತದೆ.

ಇಟ್ಟ ಮೇಲೆ ಮುಟ್ಟಬೇಡಿ. ಸೌಟು ಕೈಯಲ್ಲಿದ್ದರೆ ಒತ್ತೋಣ, ಎತ್ತಿ ನೋಡೋಣ ಅನಿಸುತ್ತದೆ, ಅದಕ್ಕೇ ನಾನು ಸೌಟು ದೂರ ಇಟ್ಟುಬಿಡುತ್ತೇನೆ. ಮೊದಲ ನಿಮಿಷದಲ್ಲಿ ಶಬ್ದ ಜೋರು, ಗುಳ್ಳೆ ದೊಡ್ಡವು. ನಿಧಾನವಾಗಿ ಶಬ್ದ ಸಣ್ಣಗಾಗುತ್ತದೆ, ಗುಳ್ಳೆ ಚಿಕ್ಕವಾಗುತ್ತವೆ, ಅಂಚಿನ ಕೆಳಭಾಗದಲ್ಲಿ ಹೊಂಬಣ್ಣದ ಗೆರೆ ಕಾಣುತ್ತದೆ. ಆ ಗೆರೆ ಸ್ವಲ್ಪ ಮೇಲಕ್ಕೆ ಹತ್ತಿದಾಗ ಹಂಚನ್ನು ಹಿಡಿಯಿಂದ ಮೆಲ್ಲಗೆ ಅಲುಗಿಸಿ. ಕಟ್ಲೆಟ್ಟು ತಾನಾಗಿ ಜಾರಿದರೆ ತಿರುವಬಹುದು, ಹಿಡಿದುಕೊಂಡಿದ್ದರೆ ಇನ್ನೂ ಸಮಯ ಇದೆ. ಸಾಮಾನ್ಯವಾಗಿ ಒಂದು ಬದಿಗೆ 4 ನಿಮಿಷ, ಇನ್ನೊಂದು ಬದಿಗೆ 3. ತಿರುವುವಾಗ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಚಮಚದ ಆಸರೆ ಇರಲಿ. ತೆಗೆದು ಜಾಲರಿ ಮೇಲಿಡಿ. ಪೇಪರ್ ಮೇಲೆ ಇಟ್ಟರೆ ಕೆಳಗೆ ಹಬೆ ಕೂತು ಆ ಬದಿ ಮೆತ್ತಗಾಗುತ್ತದೆ.

ಜೊತೆಗೆ ಏನು ಅಂದರೆ, ನನ್ನ ಮಟ್ಟಿಗೆ ಬಿಸಿ ಜೋಳದ ರೊಟ್ಟಿಯೇ. ರೊಟ್ಟಿ ಮುರಿದು, ಅದರ ಮೇಲೆ ಕಟ್ಲೆಟ್ಟಿನ ಚೂರು, ಉಪ್ಪು ನಿಂಬೆ ಹಾಕಿ ಕಿವುಚಿದ ಉಳ್ಳಾಗಡ್ಡಿ, ಎರಡು ಎಸಳು ಹಸಿ ಮೆಂತ್ಯ ಸೊಪ್ಪು. ಹಕ್ಕರಿಕಿ ಸೊಪ್ಪು ಸಿಕ್ಕರೆ ಇನ್ನೂ ಒಳ್ಳೆಯದು, ಅದರ ಖಾರ ಮೀನಿನ ಕೊಬ್ಬಿಗೆ ಬಹಳ ಹೊಂದುತ್ತದೆ. ಮಕ್ಕಳು ಪಾವ್‌ನಲ್ಲಿ ಇಟ್ಟುಕೊಂಡು ತಿನ್ನುತ್ತಾರೆ. ಮೊಸರಿನ ಚಟ್ನಿ ಮಾಡಬಹುದು ಅಂತ ಬಹಳ ಜನ ಹೇಳುತ್ತಾರೆ, ಆದರೆ ಅತ್ತೆ ಮೀನಿನ ಜೊತೆ ಹಾಲು ಮೊಸರು ಮುಟ್ಟುವುದಿಲ್ಲ, ಹಾಗಾಗಿ ನಮ್ಮ ಮನೆಯಲ್ಲಿ ಅದು ಇಲ್ಲ. ಅದರ ಬದಲು ಸೋಲಕಡಿ. ಕೋಕಂ ನೆನೆಸಿದ ನೀರು, ತೆಂಗಿನ ಹಾಲು, ಜಜ್ಜಿದ ಬಳ್ಳೊಳ್ಳಿ, ಹಸಿಮೆಣಸಿನಕಾಯಿ, ಉಪ್ಪು. ಹೊರಗೆ ಮಳೆ ಹಿಡಿದುಕೊಂಡ ದಿನ, ಬೆಳಗಾವಿಯ ಮಳೆ ಗೊತ್ತಲ್ಲ, ಹಿಡಿದರೆ ಬಿಡುವುದೇ ಇಲ್ಲ, ಅಂಥ ದಿನ ರಾತ್ರಿ ಊಟಕ್ಕೆ ಇಷ್ಟಿದ್ದರೆ ಅನ್ನ ಸಾರು ಯಾರೂ ಕೇಳುವುದಿಲ್ಲ. ಶ್ರಾವಣ ಹಿಡಿದರೆ ಮತ್ತೆ ಒಂದು ತಿಂಗಳು ನಮ್ಮಲ್ಲಿ ಮೀನು ಮಾಂಸ ಬಂದ್. ಹಾಗಾಗಿ ಆಷಾಢ ಮುಗಿಯುವುದರೊಳಗೆ ಡಬ್ಬಿಗಳು ಖಾಲಿ ಆಗಿಬಿಡುತ್ತವೆ.

ಉಳಿದರೆ ಫ್ರಿಜ್ಜಿನಲ್ಲಿ ಎರಡು ಮೂರು ದಿನ ಚೆನ್ನಾಗಿರುತ್ತದೆ, ಬಿಸಿ ಮಾಡಲು ಮತ್ತೆ ಹಂಚೇ ಬಳಸಿ. ಹುರಿಯದೆ, ಲೇಪ ಹಚ್ಚದೆ, ಒಂದೊಂದನ್ನೂ ಬೇರೆ ಬೇರೆ ಇಟ್ಟು ಫ್ರೀಜರಿನಲ್ಲಿ ಗಟ್ಟಿ ಮಾಡಿ ಡಬ್ಬಕ್ಕೆ ಹಾಕಿಟ್ಟರೆ ತಿಂಗಳವರೆಗೂ ಇರುತ್ತದೆ. ಅರ್ಧ ಮೀನು ಮಾತ್ರ ಬಳಸಿದರೆ ಉಳಿದದ್ದನ್ನು ಆ ತೆರೆದ ಡಬ್ಬಿಯಲ್ಲೇ ಬಿಡಬೇಡಿ. ಗಾಜಿನ ಅಥವಾ ಸ್ಟೀಲಿನ ಡಬ್ಬಕ್ಕೆ ಹಾಕಿ ಮುಚ್ಚಿ ಫ್ರಿಜ್ಜಿಗೆ. ಖಾಲಿ ಡಬ್ಬಿ ತೊಳೆದು ಕಸಕ್ಕೆ ಹಾಕಿ, ಇಲ್ಲದಿದ್ದರೆ ಓಣಿಯ ಬೆಕ್ಕುಗಳು ಅದರೊಳಗೆ ಮೂತಿ ಹಾಕಿ ಕುಯ್ದುಕೊಳ್ಳುತ್ತವೆ. ಕೈಯ ವಾಸನೆಗೆ ಕಡಲೆ ಹಿಟ್ಟು, ನಿಂಬೆ ಸಿಪ್ಪೆ ತಿಕ್ಕಿ ತಣ್ಣೀರಲ್ಲಿ ತೊಳೆದರೆ ಹೋಗುತ್ತದೆ.

ಸಾಲ್ಮನ್ ಡಬ್ಬಿ ಸಿಗದವರಿಗೂ ದಾರಿ ಇದೆ. ಆಗಸ್ಟ್ ಬಂದು ದೋಣಿ ಇಳಿದ ಮೇಲೆ ರಾವಸ್ ಸಿಕ್ಕರೆ ಅರ್ಧ ಕಿಲೋ ತಂದು, ಉಪ್ಪು ಅರಿಶಿಣ ಸವರಿ ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ಮುಳ್ಳು ತೆಗೆದು ಇದೇ ರೀತಿ ಮಾಡಿ. ಇದರ ಮುಳ್ಳು ಮೆತ್ತಗಾಗುವುದಿಲ್ಲ, ಹಾಗಾಗಿ ಬೆರಳಿನಿಂದ ಎರಡು ಸಲ ಸೋಸಿ ನೋಡಬೇಕು. ಡಬ್ಬಿ ಟ್ಯೂನಾ ಆದರೆ ಅದರ ಮಾಂಸ ಒಣ ಒಣ, ಬಟಾಟೆ ಇನ್ನೂ ಕಡಿಮೆ ಮಾಡಿ ಒಂದು ಚಮಚ ಎಣ್ಣೆ ಸೇರಿಸಿ. ಎಣ್ಣೆಯಲ್ಲಿ ಇಟ್ಟ ಡಬ್ಬಿ ಮೀನು ಆದರೆ ಎಣ್ಣೆ ಚೆನ್ನಾಗಿ ಬಸಿದು, ಬ್ರೆಡ್ಡಿನ ಪುಡಿ ಒಂದು ಚಮಚ ಜಾಸ್ತಿ ಹಾಕಿ. ಟೊಮೆಟೊ ಸಾಸಿನಲ್ಲಿ ಇಟ್ಟ ಮೀನು ಮಾತ್ರ ಇದಕ್ಕೆ ಬೇಡ, ಎಷ್ಟು ಹಿಂಡಿದರೂ ಹುಳಿ ನೀರು ಉಳಿಯುತ್ತದೆ. ಅದನ್ನು ಉಳ್ಳಾಗಡ್ಡಿ ಹುರಿದು ಪಲ್ಯ ಮಾಡಿ, ರೊಟ್ಟಿ ಜೊತೆ ಚೆನ್ನಾಗಿರುತ್ತದೆ.